ಉಗ್ರಾಣದಕ್ಕನ ಮೂರು ಸೆಕೆಂಡು

ಮೂರನೇ ಮಹಡಿಯ ಮೂಲೆಯಲ್ಲಿ, ಕಿಟಕಿಗೆ ಬೆನ್ನು ಹಾಕಿ ಕೂರುವ ಆ ಹೆಂಗಸನ್ನು ಕಚೇರಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರ ಬಾಯಲ್ಲೂ ಆಕೆ ಉಗ್ರಾಣದಕ್ಕ. ಅವಸರದಲ್ಲಿದ್ದರೆ ಬರೀ ಅಕ್ಕ. ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡವರೂ ಅಕ್ಕ ಅನ್ನುತ್ತಿದ್ದರು. ಅದಕ್ಕೆ ಅವರೇನೂ ಬೇಸರಪಟ್ಟುಕೊಂಡದ್ದಿಲ್ಲ. "ತಲೆ ನರೆತ ಮೇಲೆ ಅಜ್ಜಿ ಅನ್ನದಿದ್ರೆ ಸಾಕು" ಅನ್ನುತ್ತಿದ್ದರು.

ಉಗ್ರಾಣ ಎಂದರೆ ಕಾಳುಕಡ್ಡಿಯ ಉಗ್ರಾಣವಲ್ಲ. ಆ ಕಂಪನಿ ಕಾಗದದ ಕಾರ್ಖಾನೆಗಳ ಯಂತ್ರಗಳಿಗೆ ಪ್ರೋಗ್ರಾಂ ಬರೆದುಕೊಡುತ್ತದೆ. ಕಾಗದದ ಯಂತ್ರವೆಂದರೆ ಸಾಮಾನ್ಯದ್ದೆಂದು ತಿಳಿಯಬೇಡಿ. ಒಂದು ಬೀದಿಯಷ್ಟು ಉದ್ದ. ಈ ತುದಿಯಲ್ಲಿ ನೆನೆದ ನಾರು ನೀರಿನಂತೆ ಒಳಗೆ ಹೋದರೆ, ನೂರಾರು ಉರುಳೆಗಳ ಮೇಲೆ ಹಾದು, ಒಣಗಿ, ಆ ತುದಿಯಲ್ಲಿ ಆಳೆತ್ತರದ ಸುರುಳಿಯಾಗಿ ಹೊರಗೆ ಬರುತ್ತದೆ. ಯಾವ ಉರುಳೆ ಎಷ್ಟು ವೇಗವಾಗಿ ತಿರುಗಬೇಕು, ಎಲ್ಲಿ ಬಿಸಿ ಏರಬೇಕು, ನಡುವೆ ಹಾಳೆ ಹರಿದರೆ ಏನು ಮಾಡಬೇಕು, ಇಷ್ಟನ್ನೂ ಹೇಳುವುದು ಪ್ರೋಗ್ರಾಂ. ನಲವತ್ತು ಲಕ್ಷ ಸಾಲು. ಇಪ್ಪತ್ತೆಂಟು ವರ್ಷಗಳಲ್ಲಿ ಮುನ್ನೂರು ಜನ ಬರೆದದ್ದು. ಅವರಲ್ಲಿ ಅರ್ಧ ಜನ ಕೆಲಸ ಬಿಟ್ಟಿದ್ದಾರೆ, ಕೆಲವರು ಲೋಕವನ್ನೇ ಬಿಟ್ಟಿದ್ದಾರೆ. ಬರೆದವರು ಹೋದರೆಂದು ಯಂತ್ರ ನಿಲ್ಲುತ್ತದೆಯೇ? ಆ ನಲವತ್ತು ಲಕ್ಷ ಸಾಲುಗಳನ್ನು ಜೋಪಾನವಾಗಿ ಇಟ್ಟ ಜಾಗವೇ ಉಗ್ರಾಣ. ಯಾರು, ಯಾವತ್ತು, ಯಾವ ಸಾಲನ್ನು, ಯಾತಕ್ಕೆ ಬದಲಾಯಿಸಿದರು ಎನ್ನುವುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಅದರ ಉಸ್ತುವಾರಿ ಅಕ್ಕನದು.

ಉಗ್ರಾಣ ಒಂದೇ ಆಗಿದ್ದರೆ ಕೆಲಸ ಹಗುರವಾಗಿರುತ್ತಿತ್ತು. ಬರೆಯುವುದಕ್ಕೆ ಒಂದು ಟೂಲ್, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವುದಕ್ಕೆ ಇನ್ನೊಂದು, ತಿರುಗಿಸಿದ ಸಾವಿರಾರು ತುಂಡುಗಳನ್ನು ಒಂದಾಗಿ ಜೋಡಿಸುವುದಕ್ಕೆ ಮತ್ತೊಂದು, ಪರೀಕ್ಷೆಗೆ ಮಗದೊಂದು. ಇವೆಲ್ಲವನ್ನೂ ಒಂದೇ ಸೂರಿನಡಿ ತಂದು, ಒಂದರ ಮಾತು ಇನ್ನೊಂದಕ್ಕೆ ತಿಳಿಯುವಂತೆ ಹೊಂದಿಸಿಟ್ಟವರೂ ಅಕ್ಕನೇ. ಕಚೇರಿಯವರು ಅದಕ್ಕೆ ಕೂಡುಕುಟುಂಬ ಎಂದು ಹೆಸರಿಟ್ಟಿದ್ದರು. ಬರೆಯುವ ಟೂಲ್ ಸೊಸೆಯಂತೆ, ಭಾಷೆ ತಿರುಗಿಸುವ ಟೂಲ್ ಅತ್ತೆಯಂತೆ. ಸೊಸೆ ಏನು ಮಾಡಿಟ್ಟರೂ ಅತ್ತೆ ತಪ್ಪು ಹುಡುಕುತ್ತಾಳಂತೆ. ಬೆಳಗಿಂದ ಸಂಜೆವರೆಗೆ ಈ ಸಂಸಾರದ ಜಗಳ ಬಿಡಿಸುವುದೇ ಅಕ್ಕನ ಉದ್ಯೋಗ. ಮನೆಯಲ್ಲಿ ಅವರ ನಿಜವಾದ ಅತ್ತೆ ಒಮ್ಮೆ ಕೇಳಿದ್ದರು, "ದಿನಾ ಹೋಗಿ ಅಲ್ಲಿ ಏನಮ್ಮ ಮಾಡ್ತೀಯ?" ಅಕ್ಕ ಕೂತು ವಿವರಿಸಿದರು. ಅತ್ತೆ ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಬರೆಯೋರು ಬೇರೆ, ನೀನು ಎತ್ತಿಡೋಳು" ಅಂದರು. ಅದಕ್ಕಿಂತ ಚೆನ್ನಾಗಿ ಇವತ್ತಿನವರೆಗೆ ಯಾರೂ ಹೇಳಿಲ್ಲ.

ಆ ಕೆಲಸಕ್ಕೆ ಅಕ್ಕ ತಂದ ಒಂದು ಕಟ್ಟಳೆಯನ್ನು ಇಲ್ಲಿ ಹೇಳಲೇಬೇಕು. ಮೊದಲೆಲ್ಲ ಯಾರು ಬೇಕಾದರೂ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ತುಂಡುಗಳನ್ನು ಜೋಡಿಸಿ ಕಾರ್ಖಾನೆಗೆ ಕಳಿಸಿಬಿಡುತ್ತಿದ್ದರು. ಒಬ್ಬೊಬ್ಬರ ಕಂಪ್ಯೂಟರಿನಲ್ಲಿ ಒಂದೊಂದು ಹಳೆಯ ತುಂಡು ಉಳಿದಿರುತ್ತಿತ್ತು. ಒಂದೇ ಪ್ರೋಗ್ರಾಂ ಎಂದು ಹೇಳಿ ಮೂರು ಕಾರ್ಖಾನೆಗೆ ಮೂರು ಥರದ್ದು ಹೋಗಿ, ಯಾವುದು ಅಸಲು ಯಾವುದು ನಕಲು ಎಂದು ಯಾರಿಗೂ ತಿಳಿಯದ ಹಾಗಾಗಿತ್ತು. ಅಕ್ಕ ಪಟ್ಟು ಹಿಡಿದರು: ಕೊನೆಯ ಜೋಡಣೆ, ಅಂದರೆ ಆ ಜನ ಬಿಲ್ಡ್ ಅನ್ನುವುದು, ಇನ್ನು ಮೇಲೆ ತನ್ನ ಕಂಪ್ಯೂಟರಿನಿಂದ ಮಾತ್ರ. ಉಳಿದವರು ನಾಲ್ಕು ದಿನ ಗೊಣಗಿದರು, ಐದನೇ ದಿನ ಒಗ್ಗಿಕೊಂಡರು. ಅಂದಿನಿಂದ ಹೊರಗೆ ಹೋದ ಪ್ರತಿಯೊಂದು ಬಿಲ್ಡೂ ಆ ಮೂಲೆಯ ಮೇಜಿನಿಂದಲೇ ಹೊರಟದ್ದು. ಅದು ಅಕ್ಕನ ಹೆಮ್ಮೆ. ಹೆಮ್ಮೆಯೇನು, ಸ್ವಲ್ಪ ಜಂಭವೇ.

ಅಕ್ಕ ಎಂದ ಮೇಲೆ ಅಕ್ಕನ ಗಂಡ ಭಾವ ಆಗಲೇಬೇಕಲ್ಲ. ಭಾವನೂ ಆಗ ಅದೇ ಕಚೇರಿಯಲ್ಲಿ, ಒಂದು ಮಹಡಿ ಕೆಳಗೆ ಕೂತು ಪ್ರೋಗ್ರಾಂ ಬರೆಯುತ್ತಿದ್ದರು. ಓಡುವ ಯಂತ್ರದಲ್ಲಿ ಹಾಳೆ ಹರಿದಾಗ ಉರುಳೆಗಳನ್ನು ನಿಲ್ಲಿಸುವ ಭಾಗ ಅವರದು. ಬರೆಯುತ್ತಿದ್ದದ್ದು ಕಡಿಮೆ, ಆದರೆ ಬರೆದ ಮೇಲೆ ಅದನ್ನು ಇನ್ನೊಬ್ಬರು ತಿದ್ದುವ ಪ್ರಮೇಯ ಬರುತ್ತಿರಲಿಲ್ಲ. ಉಗ್ರಾಣಕ್ಕೆ ಕೊಡುವ ಮುಂಚೆ ಪ್ರತಿ ಸಾಲನ್ನೂ ತುಟಿ ಅಲ್ಲಾಡಿಸುತ್ತಾ ಓದಿಕೊಳ್ಳುತ್ತಿದ್ದರು. ಹೊಸದಾಗಿ ಸೇರಿದವರಿಗೆ ಹಿರಿಯರು ಹೇಳುತ್ತಿದ್ದ ಬುದ್ಧಿಮಾತು ಒಂದೇ: ಭಾವ ಬರೆದದ್ದನ್ನು ನೋಡಿ ಕಲಿಯಿರಿ, ಆದರೆ ಅದನ್ನು ಮುಟ್ಟಬೇಡಿ.

ಹನ್ನೊಂದು ವರ್ಷದ ಹಿಂದೆ ಒಂದು ಕಾರ್ಖಾನೆಯಲ್ಲಿ ಹಾಳೆ ಹರಿಯಿತು. ಹರಿಯುವುದು ಹೊಸದಲ್ಲ, ವಾರಕ್ಕೊಮ್ಮೆ ಹರಿಯುತ್ತದೆ. ಹರಿದದ್ದು ನಿಜವೇ ಎಂದು ಪ್ರೋಗ್ರಾಂ ಅರ್ಧ ಸೆಕೆಂಡು ಕಾದು ನೋಡಿ ಉರುಳೆಗಳಿಗೆ ನಿಲ್ಲಿರಿ ಎನ್ನಬೇಕು. ಅವತ್ತು ಮೂರು ಸೆಕೆಂಡು ಕಾಯಿತು. ಅಷ್ಟರಲ್ಲಿ ಹರಿದ ಹಾಳೆ ಉರುಳೆಗಳಿಗೆ ಸುತ್ತಿಕೊಂಡು, ಒಂದು ಉರುಳೆ ಬಿರುಕು ಬಿಟ್ಟು, ಕಾರ್ಖಾನೆ ಒಂಬತ್ತು ದಿನ ಬಾಗಿಲು ಹಾಕಬೇಕಾಯಿತು. ಯಾರಿಗೂ ಪೆಟ್ಟಾಗಲಿಲ್ಲ, ಅಷ್ಟು ಪುಣ್ಯ.

ವಿಚಾರಣೆ ನಡೆಯಿತು. ಉಗ್ರಾಣದ ದಾಖಲೆ ತೆಗೆದರೆ, ಆ ಭಾಗವನ್ನು ಕೊನೆಯದಾಗಿ ಬದಲಾಯಿಸಿದವರು ಭಾವ, ಘಟನೆಗೆ ಮೂರು ವಾರ ಮುಂಚೆ. ಮೊದಲು ಆ ಅರ್ಧ ಸೆಕೆಂಡನ್ನು ಪ್ರೋಗ್ರಾಂ ಒಳಗೇ ಬರೆದಿಟ್ಟಿತ್ತು. ಒಂದೊಂದು ಕಾರ್ಖಾನೆಗೆ ಒಂದೊಂದು ಅವಧಿ ಬೇಕಾಗಬಹುದೆಂದು ಭಾವ ಅದನ್ನು ಬೇರೆ ಒಂದು ಪಟ್ಟಿಯಿಂದ ಓದುವಂತೆ ಮಾಡಿದ್ದರು. ಪಟ್ಟಿ ಉಗ್ರಾಣದಲ್ಲಿತ್ತು, ಅದರಲ್ಲಿ ಅರ್ಧ ಸೆಕೆಂಡು ಎಂದೇ ಇತ್ತು. ಪಟ್ಟಿ ಸರಿಯಿದೆ ಅಂದ ಮೇಲೆ ಅದನ್ನು ಓದುವ ಪ್ರೋಗ್ರಾಂ ತಪ್ಪಿರಬೇಕು. ಕಾರ್ಖಾನೆಗೆ ಹೋದ ಬಿಲ್ಡನ್ನು ಮತ್ತೊಮ್ಮೆ ಮಾಡಿ ತೋರಿಸಿ ಎಂದು ಅಕ್ಕನನ್ನು ಕೇಳಿದರು. ಅಕ್ಕ ತಮ್ಮ ಕಂಪ್ಯೂಟರಿನಲ್ಲೇ ಮಾಡಿ ತೋರಿಸಿದರು. ಅಕ್ಷರ ಅಕ್ಷರಕ್ಕೆ ತಾಳೆಯಾಯಿತು. ಪರೀಕ್ಷೆಯ ಯಂತ್ರಕ್ಕೆ ಹಾಕಿದರೆ ಅದೇ ಮೂರು ಸೆಕೆಂಡು.

"ನನ್ನ ಕಂಪ್ಯೂಟರಲ್ಲಿ ಅರ್ಧ ಸೆಕೆಂಡಿಗೇ ನಿಲ್ಲುತ್ತೆ" ಅಂದರು ಭಾವ.

ಇಡೀ ಕೋಣೆ ನಕ್ಕಿತು. ಪ್ರೋಗ್ರಾಂ ಬರೆಯುವವರ ಲೋಕದಲ್ಲಿ ಇದಕ್ಕಿಂತ ಸವಕಲು ನೆವ ಇನ್ನೊಂದಿಲ್ಲ. ಕೆಡಿಸಿದವರೆಲ್ಲ ಹೇಳುವುದು ಇದನ್ನೇ. ಮುಖ್ಯಸ್ಥರು ಅಕ್ಕನ ಕಡೆ ತಿರುಗಿ, "ಉಗ್ರಾಣದಲ್ಲಿ ಇದ್ದದ್ದೇ ಹೊರಗೆ ಹೋಗಿದೆಯಾ? ಬೇರೆ ಏನೂ ಸೇರಿಲ್ಲ ತಾನೆ?" ಎಂದು ಕೇಳಿದರು. ಅಕ್ಕ, "ಉಗ್ರಾಣದಲ್ಲಿ ಇದ್ದದ್ದೇ. ಬೇರೆ ಒಂದು ಅಕ್ಷರವೂ ಇಲ್ಲ" ಎಂದು ಹೇಳಿ, ಬರೆದುಕೊಟ್ಟು, ಸಹಿ ಹಾಕಿದರು. ಗಂಡನ ಮುಖ ನೋಡಲಿಲ್ಲ.

ಅವತ್ತು ಮನೆಗೆ ಬಂದರೆ ಅತ್ತೆಗೆ ಆಗಲೇ ವಿಷಯ ತಿಳಿದಿತ್ತು. "ನೀನೇ ಹೇಳಿದ್ಯಂತೆ?" ಅಂದರು. "ಇದ್ದದ್ದು ಹೇಳಿದೆ ಅತ್ತೆ" ಅಂದರು ಅಕ್ಕ. "ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರು ಅನ್ನೋ ಹಾಗೆ, ಇನ್ನು ನೀವೂ ಬೈದುಬಿಡಿ." ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅಕ್ಕನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದ್ದುಂಟು. ಭಾವ ಊಟ ಮಾಡಿ, ಕೈ ತೊಳೆದು, ಒಂದೇ ಮಾತು ಹೇಳಿದರು: "ನಾನು ಬರೆದದ್ದು ಸರಿ ಇತ್ತು ಕಣೇ." ಅಕ್ಕ ಅಂದರು, "ಉಗ್ರಾಣ ಸುಳ್ಳು ಹೇಳಲ್ಲ ರೀ." ಮತ್ತೆ ಅವರು ಆ ಮಾತು ಎತ್ತಲಿಲ್ಲ.

ಬೇರೊಬ್ಬರು ಆ ಭಾಗವನ್ನು ಹೊಸದಾಗಿ ಬರೆದರು. ಪಟ್ಟಿಯ ಗೊಡವೆಯೇ ಬೇಡವೆಂದು ಅರ್ಧ ಸೆಕೆಂಡನ್ನು ಮೊದಲಿನಂತೆ ಒಳಗೇ ಬರೆದುಬಿಟ್ಟರು. ಅದು ಸರಿಯಾಗಿ ನಿಂತಿತು. ಸರಿಯಾಗಿ ನಿಂತ ಮೇಲೆ ಭಾವನದೇ ತಪ್ಪು ಎನ್ನುವುದಕ್ಕೆ ಬೇರೆ ಸಾಕ್ಷಿ ಯಾಕೆ? ಭಾವನನ್ನು ಕೈಪಿಡಿ ಬರೆಯುವ ಕಡೆಗೆ ಹಾಕಿದರು. ಎಂಟು ತಿಂಗಳು ಅಲ್ಲಿದ್ದು, ಕೆಲಸ ಬಿಟ್ಟು, ಮನೆಯಿಂದ ಎರಡು ಬೀದಿ ಆಚೆ ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿ ತೆರೆದರು. ಜನ ಒಳ್ಳೆಯ ಕೈಗುಣ ಎಂದರು. ಮಗಳು ಆಗ ಹೈಸ್ಕೂಲು, ಕಂಪ್ಯೂಟರ್ ಪಾಠದಲ್ಲಿ ಏನೋ ತಿಳಿಯದೆ ಅಪ್ಪನ ಹತ್ತಿರ ಪುಸ್ತಕ ಹಿಡಿದು ಹೋದರೆ ಭಾವ ನಗುತ್ತಲೇ, "ಅಮ್ಮನ್ನ ಕೇಳು ಪುಟ್ಟ. ನನ್ನದನ್ನ ನಂಬೋಕಾಗಲ್ಲ" ಅಂದರು. ಅಡುಗೆಮನೆಯಲ್ಲಿದ್ದ ಅಕ್ಕನಿಗೆ ಕೇಳಿಸಿತು. ಮನುಷ್ಯ ತಪ್ಪು ಮಾಡುತ್ತಾನೆ, ಅದಕ್ಕೆ ಇಷ್ಟು ಕುಗ್ಗಬೇಕೇ ಎಂದುಕೊಂಡರು. ಗಂಡನನ್ನು ಕ್ಷಮಿಸಿಯೂ ಬಿಟ್ಟಿದ್ದರು. ನೋಡಿ, ಕ್ಷಮಿಸಿಬಿಟ್ಟಿದ್ದರಂತೆ.

ಹೀಗೆ ಹನ್ನೊಂದು ವರ್ಷ ಕಳೆಯಿತು. ಮಗಳು ಓದು ಮುಗಿಸಿ ಬೇರೆ ಊರಿನಲ್ಲಿ ದಾದಿಯಾಗಿ ಕೆಲಸಕ್ಕೆ ಸೇರಿದಳು. ಅಕ್ಕನ ನಿವೃತ್ತಿಗೆ ಒಂದೂವರೆ ವರ್ಷ ಬಾಕಿ ಇರುವಾಗ ಕಂಪನಿಯವರು, ಹಳೆಯ ಕೂಡುಕುಟುಂಬ ಸಾಕು, ಹೊಸದನ್ನು ತರೋಣ ಎಂದು ತೀರ್ಮಾನಿಸಿದರು. ಹೊಸದನ್ನು ಒದಗಿಸುವ ಕಡೆಯಿಂದ ಒಬ್ಬ ಮೇಡಂ ಬಂದು ಅಕ್ಕನ ಪಕ್ಕದ ಮೇಜಿನಲ್ಲಿ ಕೂತರು. ನಲವತ್ತರ ಆಸುಪಾಸು, ಚುರುಕು, ಮರ್ಯಾದಸ್ಥೆ. ಬಂದ ಎರಡನೇ ದಿನಕ್ಕೆ ಅವರೂ ಅಕ್ಕ ಅನ್ನತೊಡಗಿದರು. ಹೊಸ ವ್ಯವಸ್ಥೆಯಲ್ಲಿ ಬಿಲ್ಡ್ ಯಾರ ಕಂಪ್ಯೂಟರಿನಿಂದಲೂ ಆಗುವುದಿಲ್ಲ. ಯಾರದೂ ಅಲ್ಲದ ಒಂದು ಯಂತ್ರ, ಏನೂ ಇಲ್ಲದೆ ಖಾಲಿಯಾಗಿ ಶುರುಮಾಡಿ, ಎಲ್ಲವನ್ನೂ ಉಗ್ರಾಣದಿಂದಲೇ ತಂದು ಜೋಡಿಸುತ್ತದೆ. ಹಳೆಯದು ಜೋಡಿಸಿದ್ದೂ ಹೊಸದು ಜೋಡಿಸಿದ್ದೂ ಅಕ್ಷರಶಃ ಒಂದೇ ಆಗಿರಬೇಕು; ಆಗಲೇ ಹೊಸದನ್ನು ಒಪ್ಪಿಕೊಂಡು ಅಕ್ಕ ಸಹಿ ಹಾಕುವುದು.

ಒಂಬತ್ತು ಸಾವಿರದ ಆರುನೂರು ಚಿಲ್ಲರೆ ತುಂಡು. ತಿಂಗಳೊಪ್ಪತ್ತು ಇಬ್ಬರೂ ಕೂತು ತಾಳೆ ನೋಡಿದರು. ಒಂದು ಬಿಟ್ಟು ಉಳಿದದ್ದೆಲ್ಲ ತಾಳೆಯಾಯಿತು.

"ಬಿಡಿ ಅಕ್ಕ, ಇದು ಏನೇನೂ ಅಲ್ಲ" ಅಂದರು ಮೇಡಂ. "ಯಾವುದೋ ಹಳೇ ಅವಧಿ ಪಟ್ಟಿ. ಈಗ ಇದನ್ನ ಯಾವ ಪ್ರೋಗ್ರಾಮೂ ಓದೋದೇ ಇಲ್ಲ, ಸುಮ್ಮನೆ ಜೊತೆಗೆ ಹೋಗ್ತಾ ಇದೆ. ವ್ಯತ್ಯಾಸ ಲೆಕ್ಕಕ್ಕಿಲ್ಲ ಅಂತ ಬರೆದು ಸಹಿ ಹಾಕಿಬಿಡಿ. ನಾಳೆಯಿಂದ ನಿಮಗೂ ಆರಾಮ."

"ಲೆಕ್ಕಕ್ಕಿಲ್ಲ ಅನ್ನೋಕೆ ಮುಂಚೆ ಏನು ಅಂತ ನೋಡಬೇಡವಾ?" ಅಂದರು ಅಕ್ಕ. ಎತ್ತಿಡುವವರ ಹುಟ್ಟುಗುಣ ಅದು. ಮೇಡಂ ನಕ್ಕು ಟೀ ಕುಡಿಯಲು ಕೆಳಗೆ ಹೋದರು.

ಅಕ್ಕ ಎರಡು ಪಟ್ಟಿಗಳನ್ನೂ ಅಕ್ಕಪಕ್ಕ ತೆರೆದರು. ಹೊಸ ವ್ಯವಸ್ಥೆ ಉಗ್ರಾಣದಿಂದ ತಂದ ಪಟ್ಟಿಯಲ್ಲಿ ಅರ್ಧ ಸೆಕೆಂಡು. ಹಳೆಯ ವ್ಯವಸ್ಥೆ ತಂದ ಪಟ್ಟಿಯಲ್ಲಿ ಮೂರು ಸೆಕೆಂಡು.

ಹಾಗಾದರೆ ಹಳೆಯದು ಪಟ್ಟಿಯನ್ನು ತಂದದ್ದು ಎಲ್ಲಿಂದ? ಉಗ್ರಾಣದಲ್ಲಿ ಮೂರು ಸೆಕೆಂಡಿನ ಪಟ್ಟಿ ಯಾವ ಕಾಲದಲ್ಲೂ ಇರಲಿಲ್ಲ. ಅಕ್ಕ ಹಳೆಯ ವ್ಯವಸ್ಥೆ ತುಂಡುಗಳನ್ನು ಹುಡುಕುವ ಜಾಡು ಹಿಡಿದರು. ಆ ಜಾಡನ್ನು ಹಾಕಿದವರೂ ಅವರೇ. ಪ್ರೋಗ್ರಾಂ ಬರೆಯುವವರು ಉಗ್ರಾಣಕ್ಕೆ ಕೊಡುವ ಮೊದಲು ತಮ್ಮ ಹೊಸ ತುಂಡನ್ನು ಪರೀಕ್ಷಿಸಬೇಕಲ್ಲ. ಅದಕ್ಕೆಂದು, ಜೋಡಿಸುವಾಗ ಮೊದಲು ಜೋಡಿಸುವವರ ಸ್ವಂತ ಫೋಲ್ಡರಿನಲ್ಲಿ ನೋಡು, ಅಲ್ಲಿ ಸಿಗದಿದ್ದರೆ ಉಗ್ರಾಣಕ್ಕೆ ಹೋಗು ಎಂಬ ಕ್ರಮ. ಹೊರಗೆ ಹೋಗುವ ಬಿಲ್ಡ್ ಜೋಡಿಸುತ್ತಿದ್ದವರು ಒಬ್ಬರೇ. ಅಕ್ಕ ತಮ್ಮ ಸ್ವಂತ ಫೋಲ್ಡರ್ ತೆರೆದರು. ಕಂಪ್ಯೂಟರ್ ನಾಲ್ಕು ಸಲ ಬದಲಾಗಿದ್ದರೂ ಫೋಲ್ಡರ್ ಇದ್ದದ್ದು ಇದ್ದ ಹಾಗೇ ನಕಲಾಗಿ ಬಂದಿತ್ತು. ಅದರೊಳಗೆ ಒಂದೇ ಒಂದು ಫೈಲು. ಆ ಪಟ್ಟಿ. ಮೂರು ಸೆಕೆಂಡು. ತಾರೀಕು ನೋಡಿದರೆ, ಭಾವ ತಮ್ಮ ಭಾಗವನ್ನು ಬದಲಾಯಿಸಿದ ಮಾರನೇ ದಿನದ್ದು.

ಎಲ್ಲ ನೆನಪಾಯಿತು. ಭಾವನ ಹೊಸ ಭಾಗ ಬಂದಾಗ ಪರೀಕ್ಷೆಯ ಯಂತ್ರದಲ್ಲಿ ಓಡಿಸಿ ನೋಡಿದ್ದರು. ಅರ್ಧ ಸೆಕೆಂಡು ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತಿತ್ತು, ಪಟ್ಟಿ ಓದುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕಣ್ಣಿಗೆ ಕಾಣಲಿ ಎಂದು ಪಟ್ಟಿಯ ಒಂದು ನಕಲು ಮಾಡಿಕೊಂಡು ಅದರಲ್ಲಿ ಮೂರು ಸೆಕೆಂಡು ಹಾಕಿದ್ದರು. ಚೆನ್ನಾಗಿ ಓದುತ್ತಿದೆ ಎಂದು ಸಂತೋಷಪಟ್ಟು, ಆಮೇಲೆ ಅಳಿಸಿದರಾಯಿತು ಎಂದು ಎದ್ದು ಊಟಕ್ಕೆ ಹೋಗಿದ್ದರು. ಅಳಿಸಲಿಲ್ಲ. ಎಲ್ಲರ ಕಂಪ್ಯೂಟರಿನಲ್ಲಿ ಹಳೆಯ ತುಂಡು ಉಳಿಯುತ್ತದೆಂದು ತಾನೇ ಕಟ್ಟಳೆ ತಂದು, ಎಲ್ಲವೂ ತನ್ನ ಕೈಯಿಂದಲೇ ಹೋಗಬೇಕೆಂದು ಪಟ್ಟು ಹಿಡಿದು, ಕೊನೆಗೆ ಹಳೆಯ ತುಂಡು ಉಳಿದದ್ದು ತನ್ನ ಕಂಪ್ಯೂಟರಿನಲ್ಲೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ವಿಚಾರಣೆಯ ದಿನ ಮತ್ತೆ ಬಿಲ್ಡ್ ಮಾಡಿ ತೋರಿಸಿದಾಗ ತಾಳೆಯಾಗದೆ ಏನು? ಅದೇ ಕಂಪ್ಯೂಟರು, ಅದೇ ಫೋಲ್ಡರು, ಅದೇ ಪಟ್ಟಿ. ಭಾವನ ಕಂಪ್ಯೂಟರಿನಲ್ಲಿ ಅರ್ಧ ಸೆಕೆಂಡಿಗೇ ನಿಲ್ಲುತ್ತಿತ್ತು. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು, ಕೋಣೆಯೆಲ್ಲ ನಕ್ಕಿತ್ತು.

ಫೈಲಿನ ಮೇಲೆ ಅಕ್ಕನ ಬೆರಳು ನಿಂತಿತ್ತು. ಒಂದು ಸಲ ಒತ್ತಿದರೆ ಅಳಿಸಿಹೋಗುತ್ತದೆ. ಮತ್ತೆ ಬಿಲ್ಡ್ ಮಾಡಿದರೆ ಒಂಬತ್ತು ಸಾವಿರದ ಆರುನೂರು ಚಿಲ್ಲರೆಯೂ ತಾಳೆ. ಸ್ವಂತ ಫೋಲ್ಡರಿಗೆ ದಾಖಲೆಯಿಲ್ಲ, ಯಾರಿಗೂ ಯಾವತ್ತಿಗೂ ತಿಳಿಯುವುದಿಲ್ಲ. ಸುಳ್ಳು ಯಾಕೆ ಹೇಳಬೇಕು, ಆ ಯೋಚನೆ ಬಂತು. ಬಂದದ್ದಷ್ಟೇ ಅಲ್ಲ, ಮೇಡಂ ಟೀ ಕುಡಿದು ಮೆಟ್ಟಿಲು ಹತ್ತಿ ಬರುವವರೆಗೂ ಹೋಗಲಿಲ್ಲ. ಹೋಗಿದ್ದು ಹೋಗಿದೆ, ಈಗ ಹೇಳಿ ಯಾರಿಗೆ ಏನು ಸುಖ, ಅವರು ಅಂಗಡಿಯಲ್ಲಿ ನೆಮ್ಮದಿಯಾಗಿದ್ದಾರೆ ಎಂದೆಲ್ಲ ಮನಸ್ಸು ವಾದ ಮಾಡಿತು. ನೆಮ್ಮದಿ ಎಂಬ ಮಾತಿಗೆ ಬಂದಾಗ ಅಕ್ಕನಿಗೆ ತನ್ನ ಮೇಲೇ ಅಸಹ್ಯವಾಯಿತು. ಬೆರಳು ತೆಗೆದರು.

"ಮೇಡಂ, ಈ ಫೋಲ್ಡರನ್ನ ಹೀಗೇ ಒಂದು ನಕಲು ತೆಗೆದು ನಿಮ್ಮ ಹತ್ರ ಇಟ್ಕೊಳ್ಳಿ" ಅಂದರು. "ಯಾರು ಕೇಳಿದ್ರೂ ಅಳಿಸಬೇಡಿ. ನಾನು ಕೇಳಿದ್ರೂ ಸಹ." ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದರು.

ಮನೆಯಲ್ಲಿ ಅತ್ತೆ ಒಣಗಿದ ಬಟ್ಟೆ ಮಡಿಸುತ್ತಾ ಕೂತಿದ್ದರು. ಮಧ್ಯಾಹ್ನವೇ ಬಂದ ಸೊಸೆಯನ್ನು ನೋಡಿ, "ಹುಷಾರಿಲ್ವಾ?" ಅಂದರು. ಅಕ್ಕ ಚಪ್ಪಲಿ ಬಿಟ್ಟು ಅಲ್ಲೇ ನೆಲಕ್ಕೆ ಕೂತರು. ಎಲ್ಲ ಹೇಳಿದರು, ಟೂಲುಗಳ ಹೆಸರೆತ್ತದೆ, ಹೇಳಬಹುದಾದಷ್ಟು ಸರಳವಾಗಿ. ತಪ್ಪು ನನ್ನದು, ಸಹಿ ನನ್ನದು, ಶಿಕ್ಷೆ ಮಾತ್ರ ನಿಮ್ಮ ಮಗನದು ಅಂದರು. ಅತ್ತೆ ಅಂಗಿಯೊಂದನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

"ನನ್ನ ಹತ್ರ ಯಾಕೆ ಮೊದಲು ಬಂದೆ?"

"ಹೆದರಿಕೆ ಆಯ್ತು ಅತ್ತೆ. ಭಾನುವಾರ ಹೇಳೋಣ ಅಂತ."

"ಭಾನುವಾರ ಅಂದ್ರೆ ಇನ್ನೂ ನಾಲ್ಕು ದಿನ. ಹನ್ನೊಂದು ವರ್ಷದ ಮೇಲೆ ನಾಲ್ಕು ದಿನ ಯಾಕೆ ಸೇರಿಸ್ತೀಯ?" ಅಂದರು ಅತ್ತೆ. ದನಿ ಏರಲಿಲ್ಲ. "ನನಗೆ ನಿನ್ನ ಮೇಲೆ ಸಿಟ್ಟಿದೆ. ಅದು ಆಮೇಲೆ ನೋಡ್ಕೊಳ್ಳೋಣ. ಈಗ ಅಂಗಡಿಗೆ ಹೋಗು."

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಭಾವ ಒಂದು ಯಂತ್ರವನ್ನು ಮಗುಚಿ ಹಾಕಿ ಅಡಿಯಲ್ಲಿ ಎಣ್ಣೆ ಬಿಡುತ್ತಿದ್ದರು. ಮೇಜಿನ ಮೇಲೆ ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟಿದ್ದರು. ಹೆಂಡತಿಯನ್ನು ನೋಡಿ, "ಏನು, ಅಮ್ಮನಿಗೆ ಏನಾದ್ರೂ...?" ಎಂದು ಎದ್ದರು. ಅಕ್ಕ ತಲೆಯಾಡಿಸಿ, ಗಿರಾಕಿಗಳು ಕೂರುವ ಮಣೆಯ ಮೇಲೆ ಕೂತು, ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದದ್ದನ್ನೆಲ್ಲ ಬಿಟ್ಟು ನೇರ ವಿಷಯಕ್ಕೆ ಬಂದರು.

"ಅವತ್ತು ಮೂರು ಸೆಕೆಂಡು ಇಟ್ಟವಳು ನಾನು ಕಣ್ರೀ. ನನ್ನ ಸ್ವಂತ ಫೋಲ್ಡರಲ್ಲಿ ನಿಮ್ಮ ಪಟ್ಟಿಯ ನಕಲಿತ್ತು. ಪರೀಕ್ಷೆಗೆ ಅಂತ ಮಾಡಿಕೊಂಡದ್ದು, ತೆಗೆಯೋಕೆ ಮರೆತೆ. ಬಿಲ್ಡ್ ಅದನ್ನೇ ಎತ್ಕೊಂಡಿತ್ತು. ಇವತ್ತು ಸಿಕ್ತು."

ಭಾವನಿಗೆ ಹೆಚ್ಚು ವಿವರಿಸಬೇಕಾಗಿರಲಿಲ್ಲ. ಆ ವ್ಯವಸ್ಥೆಯಲ್ಲಿ ಹದಿನಾರು ವರ್ಷ ಕೆಲಸ ಮಾಡಿದವರು. ಎಣ್ಣೆಯ ಡಬ್ಬಿಯ ಮುಚ್ಚಳ ಹಾಕಿ ಕೆಳಗಿಟ್ಟರು. ಅಕ್ಕ ಅವರ ಮುಖವನ್ನೇ ನೋಡುತ್ತಿದ್ದರು.

"ಪಟ್ಟಿ ಓದೋದು ಸರಿಯಾಗೇ ಓದ್ತಿತ್ತಾ?"

"ಸರಿಯಾಗೇ ಓದ್ತಿತ್ತು. ಸರಿಯಾಗಿ ಓದಿದ್ದಕ್ಕೇ ಮೂರು ಸೆಕೆಂಡು ಕಾಯ್ತು."

ಭಾವ ಎಣ್ಣೆ ಹತ್ತಿದ ಬೆರಳುಗಳನ್ನು ಬಟ್ಟೆಯಲ್ಲಿ ಒಂದೊಂದಾಗಿ ಒರೆಸಿಕೊಂಡರು. "ನಾನು ತಪ್ಪು ಎಲ್ಲಿದೆ ಅಂತ ಹುಡುಕಿದ್ದೆ ಕಣೇ" ಅಂದರು. "ಕೆಲಸ ಬಿಟ್ಟ ಮೇಲೆ. ಪ್ರೋಗ್ರಾಂ ಕಣ್ಣೆದುರಿಗೆ ಇರಲಿಲ್ಲ, ನೆನಪಲ್ಲೇ ಸಾಲು ಸಾಲು ಓದ್ಕೊಂಡು ಹುಡುಕಿದೆ. ಎರಡು ವರ್ಷ ಆಯ್ತು. ಕೊನೆಗೆ ಸಿಕ್ತು. ಪಟ್ಟಿ ಓದೋಕೆ ಮುಂಚೆ ಒಂದು ಸಾಲು ಮೇಲೆ ಕೆಳಗೆ ಆಗಿರಬೇಕು, ಅದಕ್ಕೇ ಹೀಗಾಗಿದೆ ಅಂತ. ಸಿಕ್ಕಾಗ ಸಮಾಧಾನ ಆಯ್ತು ನನಗೆ. ಸದ್ಯ, ತಪ್ಪು ಯಾವುದು ಅಂತಾದ್ರೂ ಗೊತ್ತಾಯ್ತಲ್ಲ ಅಂತ."

ಅಕ್ಕನಿಗೆ ಅಳು ಬಂತು. ಮಾಡದ ತಪ್ಪನ್ನು ಮನುಷ್ಯ ಎರಡು ವರ್ಷ ಹುಡುಕಿ, ಸಿಗದೆ, ಕೊನೆಗೆ ತಾನೇ ಒಂದನ್ನು ಮಾಡಿಕೊಂಡಿದ್ದ. "ಬೈದುಬಿಡಿ ರೀ" ಅಂದರು.

"ಬೈಯಲ್ಲ. ಕೋಪ ಇದೆ. ಇವತ್ತಿಗೆ ಹೋಗೋ ಕೋಪ ಅಲ್ಲ ಇದು, ಇರುತ್ತೆ. ಇರಲಿ." ಭಾವ ಹೊರಗೆ ಬೀದಿಯ ಕಡೆ ನೋಡುತ್ತಾ ಹೇಳಿದರು. "ನೀನು 'ಒಂದು ಸಲ ನನ್ನ ಕಂಪ್ಯೂಟರನ್ನೂ ನೋಡ್ತೀನಿ' ಅಂದಿದ್ರೆ ಸಾಕಿತ್ತು. ಎಲ್ಲರದನ್ನೂ ನೋಡಿದೆ, ನಿನ್ನದೊಂದು ಬಿಟ್ಟು."

"ಹೂಂ."

"ಆ ಭಾಗ ಇನ್ನೂ ಉಗ್ರಾಣದಲ್ಲಿದೆಯಾ? ನಾನು ಬರೆದದ್ದು?"

"ಇದೆ. ಯಾರೂ ಉಪಯೋಗಿಸ್ತಿಲ್ಲ, ಆದ್ರೆ ಇದೆ. ನಾಳೆ ವಿಚಾರಣೆ ವರದಿಗೆ ತಿದ್ದುಪಡಿ ಬರೆದು ಮುಖ್ಯಸ್ಥರಿಗೆ ಕೊಡ್ತೀನಿ. ಎಲ್ಲರಿಗೂ ಕಳಿಸ್ತೀನಿ."

"ಅದು ನೀನು ಮಾಡಬೇಕಾದ ಕೆಲಸ, ಮಾಡು. ನನಗೆ ನಾನು ಬರೆದದ್ದನ್ನ ಒಂದ್ಸಲ ನೋಡಬೇಕು."

ಮಾರನೇ ಬೆಳಿಗ್ಗೆ ಭಾವ ಅಂಗಡಿ ತೆರೆಯಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಗೇಟಿನಲ್ಲಿ ಹೊರಗಿನವರ ಪುಸ್ತಕದಲ್ಲಿ ಹೆಸರು ಬರೆದು, ಅಕ್ಕನ ಹಿಂದೆ ಮೆಟ್ಟಿಲು ಹತ್ತಿದರು. ಅಕ್ಕ ಮೊದಲು ಮುಖ್ಯಸ್ಥರ ಕೋಣೆಗೆ ಹೋಗಿ ಬರೆದು ತಂದಿದ್ದ ಎರಡು ಪುಟ ಕೊಟ್ಟರು. ಮುಖ್ಯಸ್ಥರು ಓದಿದರು. ವಿಚಾರಣೆಯ ದಿನ ಪ್ರಶ್ನೆ ಕೇಳಿದ್ದವರು ಅವರೇ.

"ಅಕ್ಕ, ಅದೆಲ್ಲ ಮುಗಿದುಹೋದ ವಿಷಯ. ನಿವೃತ್ತಿ ಹೊತ್ತಲ್ಲಿ ಹಳೇ ಗಾಯ ಯಾಕೆ ಕೆರೀತೀರಿ?"

"ಗಾಯ ಆಗಿದ್ದು ನಿಮಗೂ ಅಲ್ಲ, ನನಗೂ ಅಲ್ಲ ಸರ್. ಆದವರು ಹೊರಗೆ ನಿಂತಿದ್ದಾರೆ" ಅಂದರು ಅಕ್ಕ.

ಮುಖ್ಯಸ್ಥರು ಬಾಗಿಲಾಚೆ ನೋಡಿದರು. ಎದ್ದು ಬಂದು ಭಾವನ ಕೈ ಹಿಡಿದುಕೊಂಡರು. "ಚೆನ್ನಾಗಿದ್ದೀರಾ?" ಎಂದು ಕೇಳಿದರು. ಭಾವ ಚೆನ್ನಾಗಿದ್ದೇನೆ ಅಂದರು.

ಮೂಲೆಯ ಮೇಜಿಗೆ ಬಂದು ಅಕ್ಕ ಆ ಭಾಗವನ್ನು ಪರದೆಯ ಮೇಲೆ ತೆರೆದು, ಕುರ್ಚಿ ಬಿಟ್ಟು ಎದ್ದು ನಿಂತರು. ಭಾವ ಕೂತು ಕನ್ನಡಕ ಹಾಕಿಕೊಂಡರು. ನೂರ ನಲವತ್ತು ಸಾಲು. ಮೊದಲಿನಿಂದ ಓದತೊಡಗಿದರು, ತುಟಿ ಅಲ್ಲಾಡುತ್ತಿತ್ತು. ಅರವತ್ತರ ಸುಮಾರಿಗೆ ಬಂದು ನಿಂತರು. ಪರದೆಯ ಮೇಲೆ ಬೆರಳಿಟ್ಟು ಆ ಸಾಲನ್ನು ಓದಿದರು, ಮೇಲಿನದನ್ನು ಓದಿದರು, ಮತ್ತೆ ಕೆಳಗಿನದನ್ನು ಓದಿದರು. ಪಟ್ಟಿ ಓದುವ ಮುಂಚಿನ ಸಾಲು ಅದು. ಮೇಲೆ ಕೆಳಗೆ ಆಗಿರಲಿಲ್ಲ. ಎಲ್ಲಿರಬೇಕೋ ಅಲ್ಲೇ ಇತ್ತು.

ಭಾವ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಕೊನೆಯ ಸಾಲಿನವರೆಗೂ ಓದಿ ಮುಗಿಸಿದರು. ಪಕ್ಕದ ಮೇಜಿನ ಮೇಡಂ ಟೈಪ್ ಮಾಡುವುದನ್ನು ನಿಲ್ಲಿಸಿದ್ದರು. ಮಹಡಿಯಲ್ಲಿ ಹಳಬರು ನಾಲ್ಕೈದು ಜನ ಎದ್ದು ನಿಂತು ಇತ್ತ ನೋಡುತ್ತಿದ್ದರು.

"ಚೆನ್ನಾಗಿ ಬರೆದಿದ್ದೆ" ಅಂದರು ಭಾವ, ಯಾರಿಗೋ ಹೇಳುವ ಹಾಗೆ.

"ಚೆನ್ನಾಗಿ ಬರೆದಿದ್ರಿ. ನೀವು ಬರೆದದ್ದು ಸರಿ ಇತ್ತು" ಅಂದರು ಅಕ್ಕ.

ಭಾವ ತಿರುಗಲಿಲ್ಲ. ಪರದೆಯನ್ನೇ ನೋಡುತ್ತಾ ಹೇಳಿದರು, "ಇನ್ನೊಂದ್ಸಲ ಹೇಳು."

ಅಕ್ಕ ಇಡೀ ಮಹಡಿಗೆ ಕೇಳಿಸುವ ಹಾಗೆ ಹೇಳಿದರು.